ಅಂಗಡಿಯ ಹಳೇ ಸ್ಟಾಕ್ ನಿರಾಶ್ರಿತರಿಗೆ ಕೊಡಬೇಕು ಅಂತಿದ್ದೇನೆ, ಚರ್ಚಿನವರ ಮೂಲಕ ಕಳಿಸಿದರೆ ತಲುಪುತ್ತಾ?

ಮಂಡ್ಯ ಜವಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಮ್ಮದೊಂದು ಚಿಕ್ಕ ಬಟ್ಟೆ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಅಂಗಡಿ ಜಗಲಿಯಲ್ಲೇ ಮಿಷನ್ ಹಾಕಿಕೊಂಡಿರುವ ನಮ್ಮ ಟೈಲರ್ ಕ್ಯಾಥೊಲಿಕ್. ಇಪ್ಪತ್ತು ವರ್ಷದ ಪರಿಚಯ, ನಮ್ಮ ಮಕ್ಕಳ ಯೂನಿಫಾರ್ಮ್ ಎಲ್ಲ ಅವರದೇ ಹೊಲಿಗೆ. ಅವರ ಅಕ್ಕನ ಮಗಳು ಸಿಸ್ಟರ್, ಮಿಜೋರಾಂನಲ್ಲಿ ಶಾಲೆಯಲ್ಲಿ ಪಾಠ ಮಾಡುತ್ತಾರೆ. ಹೋದ ತಿಂಗಳು ರಜೆಗೆ ಬಂದಿದ್ದಾಗ ಅಂಗಡಿಗೂ ಬಂದಿದ್ದರು.

ಬರ್ಮಾದಲ್ಲಿ (ಮ್ಯಾನ್ಮಾರ್) 2021ರಲ್ಲಿ ಮಿಲಿಟರಿಯವರು ಅಧಿಕಾರ ಹಿಡಿದ ಮೇಲೆ ಗಡಿ ದಾಟಿ ಬಂದವರು ಇನ್ನೂ ಮಿಜೋರಾಂನಲ್ಲೇ ಇದ್ದಾರಂತೆ. ಬಿದಿರಿನ ಗೋಡೆ, ಮೇಲೆ ಟಾರ್ಪಾಲು. ಚಳಿಗಾಲದಲ್ಲಿ ಮಕ್ಕಳು ಒಂದೇ ಹೊದಿಕೆಯಲ್ಲಿ ಮೂರು ಜನ ಮಲಗುತ್ತಾರೆ ಅಂದರು. ಅವರು ನನ್ನ ಹತ್ತಿರ ಏನೂ ಕೇಳಲಿಲ್ಲ, ಕಾಫಿ ಕುಡಿದು ಹೋದರು. ಆದರೆ ಅವರು ಹಾಗೆ ಹೇಳುವಾಗ ನನ್ನ ತಲೆ ಮೇಲಿನ ಅಟ್ಟದಲ್ಲಿ 60 ಕಂಬಳಿ ಇತ್ತು. ಎರಡು ವರ್ಷದ ಹಿಂದೆ ಚಳಿ ಜಾಸ್ತಿ ಆಗುತ್ತೆ ಅಂತ ನಂಬಿ ತರಿಸಿದ್ದು, ಹೋಗಲೇ ಇಲ್ಲ. ಅದರ ಜೊತೆ ಫ್ಯಾಷನ್ ಹೋದ ಶರ್ಟು ಒಂದು ನೂರೈವತ್ತು ಇರಬಹುದು.

ಗಂಟು ಕಟ್ಟಿ ಲಾರಿಗೆ ಹಾಕಿ ಕಳಿಸೋಣ ಅಂತ ನನ್ನ ಆಸೆ. ಟೈಲರ್ ಹೇಳುತ್ತಾರೆ, ಚರ್ಚಿನಲ್ಲೂ ದುಡ್ಡು ಸೇರಿಸುತ್ತಿದ್ದಾರೆ, ಅದರ ಜೊತೆ ಕಳಿಸಬಹುದು ಅಂತ. ನನ್ನ ಭಾವಮೈದ ಹೇಳುತ್ತಾನೆ, ಇವೆಲ್ಲ ಮತಾಂತರಕ್ಕೆ ಹೋಗುತ್ತೆ ಭಾವ, ಸುಮ್ನೆ ಇರಿ ಅಂತ. ನನಗೆ ಎರಡೂ ಕಡೆ ತಲೆ ಆಡಿಸಿ ಸಾಕಾಗಿದೆ. ಗೊತ್ತಿರುವವರು ನೇರವಾಗಿ ಹೇಳಿ. ಕೊಡಬಹುದಾ? ಸಾಮಾನು ಕೊಡಲಾ, ದುಡ್ಡು ಕೊಡಲಾ?

ಬನ್ನಿಮಂಟಪ ನಿವೃತ್ತ ಉತ್ತರ:

ಬಟ್ಟೆ ಕಳಿಸಬೇಡಿ. ಇದನ್ನು ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಕಂಬಳಿ ವಿಷಯ ಬೇರೆ, ಅದಕ್ಕೂ ಬರುತ್ತೇನೆ.

2005ರ ಜನವರಿಯಲ್ಲಿ ಮೈಸೂರಿನಿಂದ ಒಂದು ಚರ್ಚಿನ ಹುಡುಗರ ಜೊತೆ ನಾಗಪಟ್ಟಣಕ್ಕೆ ಹೋಗಿದ್ದೆ. ನಾನು ಕ್ರಿಶ್ಚಿಯನ್ ಅಲ್ಲ, ನನ್ನ ಹತ್ತಿರ ಟೆಂಪೊ ಇತ್ತು, ಅದಕ್ಕೆ ಕರೆದರು. ಸುನಾಮಿ ಬಂದು ಎರಡು ವಾರ ಆಗಿತ್ತು. ಆ ಒಂದೇ ಜಿಲ್ಲೆಯಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ನಾವು ಊರು ಮುಟ್ಟುವ ಮೊದಲೇ ರಸ್ತೆ ಪಕ್ಕದಲ್ಲಿ ಬಟ್ಟೆ ಬಿದ್ದಿತ್ತು. ರಾಶಿ ಅಂದರೆ ರಾಶಿ, ಕಬ್ಬಿನ ಸಿಪ್ಪೆ ಗುಡ್ಡೆ ಹಾಕಿದ ಹಾಗೆ. ದೇಶದ ಮೂಲೆ ಮೂಲೆಯಿಂದ ಲಾರಿಯಲ್ಲಿ ಬಂದದ್ದು. ಮಳೆಗೆ ನೆನೆದು ವಾಸನೆ ಬರುತ್ತಿತ್ತು, ದನ ಮೇಲೆ ಮಲಗಿದ್ದವು. ಮೀನುಗಾರರ ಮನೆಯ ಹೆಂಗಸರು ಅದನ್ನು ತಿರುಗಿ ನೋಡಲಿಲ್ಲ. ಯಾಕೆ ನೋಡಬೇಕು? ಹೋದ ತಿಂಗಳವರೆಗೆ ಸ್ವಂತ ದೋಣಿ, ಸ್ವಂತ ಮನೆ ಇದ್ದವರು. ಯಾರೋ ಬಿಟ್ಟ ಬಟ್ಟೆ ಹಾಕಿಕೊಳ್ಳಲು ಅವರೇನು ಭಿಕ್ಷುಕರಾ?

ನಾವೂ ನಾಲ್ಕು ಗಂಟು ಸೀರೆ ತಗೊಂಡು ಹೋಗಿದ್ದೆವು, ಹೊಸದೇ. ಕ್ಯಾಂಪಿನಲ್ಲಿ ಒಬ್ಬ ಅಜ್ಜಿ ನಕ್ಕುಬಿಟ್ಟಳು. ಸೀರೆ ಇದೆ, ಒಳಲಂಗ ಎಲ್ಲಿ, ರವಿಕೆ ಎಲ್ಲಿ ಅಂತ. ನಮ್ಮಲ್ಲಿ ಹೋದವರೆಲ್ಲ ಗಂಡಸರು, ಒಬ್ಬನಿಗೂ ಹೊಳೆದಿರಲಿಲ್ಲ. ಮಾರನೇ ದಿನ ತಂಜಾವೂರಿಗೆ ಹೋಗಿ ದುಡ್ಡು ಕೊಟ್ಟು ತಂದೆವು. ಆಗ ಅರ್ಥ ಆಯಿತು, ನಾವು ಬರಿ ದುಡ್ಡು ತಂದಿದ್ದರೆ ಡೀಸೆಲ್ ಆದರೂ ಉಳಿಯುತ್ತಿತ್ತು ಅಂತ.

ಅದು ಪ್ರಕೃತಿಯಿಂದ ಬಂದ ಕಷ್ಟ, ಯುದ್ಧದ್ದು ಬೇರೆ. ಯುದ್ಧ ಬಿಟ್ಟು ಓಡಿ ಬಂದವರು ತಿಂಗಳೊಳಗೆ ಮನೆಗೆ ಹೋಗುವುದಿಲ್ಲ, ವರ್ಷಗಟ್ಟಲೆ ಇರುತ್ತಾರೆ. ಅವರು ಇರುವ ಊರಲ್ಲಿ ಸಂತೆ ನಡೆಯುತ್ತದೆ, ಅಂಗಡಿ ಇರುತ್ತದೆ. ಇಲ್ಲದೇ ಇರುವುದು ಅವರ ಕೈಯಲ್ಲಿ ದುಡ್ಡು. ಅದಕ್ಕೇ ಈಗ ದೊಡ್ಡ ಸಂಸ್ಥೆಗಳು ಆದಷ್ಟು ನಗದೇ ಕೊಡುತ್ತವೆ. ಲೆಬನಾನಿನಲ್ಲಿ ಸಿರಿಯಾದವರಿಗೆ ಎಟಿಎಂ ಕಾರ್ಡಿನಂಥದ್ದೇ ಕೊಟ್ಟರು, ಅಲ್ಲಿನ ಅಂಗಡಿಯಲ್ಲೇ ಬೇಳೆ ಎಣ್ಣೆ ತಗೊಳ್ಳಲಿ ಅಂತ. ಇದರಿಂದ ಇನ್ನೊಂದು ಲಾಭ ಏನಪ್ಪಾ ಅಂದರೆ, ಅಲ್ಲಿನ ಅಂಗಡಿಯವನಿಗೂ ವ್ಯಾಪಾರ ಆಗುತ್ತದೆ, ಈ ವಲಸಿಗರಿಂದ ನಮಗೇನು ಸಿಕ್ಕಿತು ಅಂತ ಅವನು ಗೊಣಗುವುದು ಕಡಿಮೆ ಆಗುತ್ತದೆ. ಅಂಗಡಿ ಇಟ್ಟವರು ನೀವು, ನಿಮಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಬೇಕಾಗುವುದೆಲ್ಲ ಗಂಟು ಕಟ್ಟಿ ಕಳಿಸುವಂಥದ್ದಲ್ಲ. ಪರಿಹಾರ ಕೆಲಸಕ್ಕೆ ಸ್ಫಿಯರ್ ಅಂತ ಒಂದು ಮಟ್ಟ ಇದೆ, ಪ್ರಪಂಚದಲ್ಲೆಲ್ಲ ಅದನ್ನೇ ನೋಡುತ್ತಾರೆ. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನಕ್ಕೆ ಒಂದು ಕಕ್ಕಸು. ಕಕ್ಕಸಿನ ದಾರಿಗೆ ಒಂದು ಲೈಟು ಹಾಕಿದರೆ ಹೆಣ್ಣುಮಕ್ಕಳಿಗೆ ಎಷ್ಟು ದೊಡ್ಡ ಉಪಕಾರ ಅಂತ ಹೋಗಿ ನೋಡಿದರೇ ಗೊತ್ತಾಗುವುದು. ಅದನ್ನು ಯಾರೂ ಫೋಟೊ ತೆಗೆದು ಹಾಕುವುದಿಲ್ಲ, ಬಿಡಿ.

ಕಂಬಳಿ ಹೊಸದು, ಎಲ್ಲ ಒಂದೇ ಥರದ್ದು, ಅಲ್ಲಿ ಚಳಿ ಇರುವುದೂ ನಿಜ. ಹಾಗಾಗಿ ಅದು ಕೆಲಸಕ್ಕೆ ಬರುತ್ತದೆ. ಆದರೆ ಆ ಸಿಸ್ಟರ್‌ಗೆ ಒಂದು ಫೋನ್ ಮಾಡಿ ಎರಡು ಮಾತು ಕೇಳಿ. ಕಂಬಳಿ ಬೇಕಾ? ಅಲ್ಲಿ ಎಷ್ಟಕ್ಕೆ ಸಿಗುತ್ತೆ? ಮಂಡ್ಯದಿಂದ ಮಿಜೋರಾಂನ ಐಜಾಲ್‌ವರೆಗೆ ಲಾರಿ ಬಾಡಿಗೆ ಹಾಕಿ ನೋಡಿ, ಆಮೇಲೆ ನಿರ್ಧಾರ ಮಾಡಿ.

ಲೆಕ್ಕದ ಪುಸ್ತಕ ಉತ್ತರ:

ಮೇಲಿನವರು ಮನುಷ್ಯರ ಲೆಕ್ಕ ಹೇಳಿದರು, ನಾನು ಆಡಿಟರ್ ಆಫೀಸಿನ ಲೆಕ್ಕ ಹೇಳುತ್ತೇನೆ.

ಸ್ಟಾಕ್ ದಾನ ಮಾಡಿದರೆ ಅದರ ಮೇಲೆ ತಗೊಂಡಿರುವ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕಟ್ಟಿದ ತೆರಿಗೆಗೆ ಸಿಕ್ಕ ಕಡಿತ, ವಾಪಸ್ ಮಾಡಬೇಕು. ಪುಕ್ಕಟೆ ಕೊಟ್ಟ ಸರಕಿಗೆ ಕ್ರೆಡಿಟ್ ಇಲ್ಲ. ಜೊತೆಗೆ ದಾನಕ್ಕೆ ಆದಾಯ ತೆರಿಗೆಯಲ್ಲಿ ಕೊಡುವ 80ಜಿ ವಿನಾಯಿತಿ ಸಾಮಾನಿಗೆ ಸಿಗುವುದಿಲ್ಲ, ದುಡ್ಡಿಗೆ ಮಾತ್ರ. ದುಡ್ಡಿನಲ್ಲೂ 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಲೆಕ್ಕಕ್ಕಿಲ್ಲ, ಚೆಕ್ಕೋ ಯುಪಿಐಯೋ ಆಗಬೇಕು. ಸಂಸ್ಥೆಯಿಂದ ಬರಿ ರಸೀದಿ ಸಾಲದು, ವರ್ಷ ಮುಗಿದ ಮೇಲೆ ದಾನದ ಪ್ರಮಾಣಪತ್ರವನ್ನೂ ಕೊಡಬೇಕು. ಮತ್ತೆ ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಇದ್ಯಾವುದೂ ಇಲ್ಲ, ಪುಣ್ಯ ಒಂದೇ.

ಸರಕು 50 ಸಾವಿರದ ಮೇಲಿದ್ದರೆ ಇ-ವೇ ಬಿಲ್ ಬೇಕು. ದಾನ ಸ್ವಾಮಿ ದಾನ ಅಂತ ದಾರಿಯಲ್ಲಿ ತಪಾಸಣೆ ಮಾಡುವವರಿಗೆ ಹೇಳಿದರೆ ಬಿಡುವುದಿಲ್ಲ.

ಇನ್ನೊಂದು ವಿಷಯ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಚರ್ಚಿನವರಿಗೆ ಹೊರದೇಶದಿಂದ ಕೋಟಿ ಕೋಟಿ ಬರುತ್ತೆ, ನಮ್ಮ ಸಾವಿರ ರೂಪಾಯಿ ಯಾಕೆ ಅಂತ ಕೇಳುತ್ತಾರೆ. 2020ರಲ್ಲಿ ಹೊರದೇಶದ ದೇಣಿಗೆಗೆ ಇರುವ ಎಫ್‌ಸಿಆರ್‌ಎ ಕಾನೂನು ಬಿಗಿ ಮಾಡಿದರು. ಹೊರಗಿನ ದುಡ್ಡು ದೆಹಲಿಯ ಒಂದೇ ಸ್ಟೇಟ್ ಬ್ಯಾಂಕ್ ಶಾಖೆಗೆ ಬರಬೇಕು, ಬಂದದ್ದನ್ನು ಇನ್ನೊಂದು ಸಂಸ್ಥೆಗೆ ಹಂಚುವ ಹಾಗಿಲ್ಲ, ಆಫೀಸು ಖರ್ಚು ಶೇ. 20 ದಾಟುವ ಹಾಗಿಲ್ಲ. ಮೊದಲು ದೊಡ್ಡ ಸಂಸ್ಥೆ ದುಡ್ಡು ತಂದು ಗಡಿಯ ಹತ್ತಿರದ ಚಿಕ್ಕ ಸಂಸ್ಥೆಗೆ ಕೊಡುತ್ತಿತ್ತು. ಈಗ ಆ ದಾರಿ ಮುಚ್ಚಿದೆ. ಒಳ್ಳೆಯದೋ ಕೆಟ್ಟದ್ದೋ ನೀವು ಜಗಳ ಆಡಿಕೊಳ್ಳಿ, ಆದರೆ ಚಿಕ್ಕವರಿಗೆ ಈಗ ಊರಿನವರು ಕೊಡುವ ದುಡ್ಡೇ ಆಧಾರ.

ಕೆಆರ್‌ಎಸ್ ರೋಡ್ ಉತ್ತರ:

ಅಣ್ಣ, ನಿಮ್ಮ ಭಾವಮೈದ ಹೇಳಿದ್ದರಲ್ಲಿ ತಪ್ಪೇನಿದೆ? ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಒಂದು ಕೈಯಲ್ಲಿ ಅಕ್ಕಿ, ಇನ್ನೊಂದು ಕೈಯಲ್ಲಿ ಪುಸ್ತಕ. ಹಸಿದವನ ಹತ್ತಿರ ದೇವರ ವಿಷಯ ಮಾತಾಡೋದು ನ್ಯಾಯ ಅಲ್ಲ. ನಾನು ಯಾರನ್ನೂ ಬೈಯುತ್ತಿಲ್ಲ, ನೇರವಾಗಿ ಕೇಳುತ್ತಿದ್ದೇನೆ. ಆ ಧರ್ಮದವರು ಆ ಧರ್ಮದವರಿಗೇ ಸಹಾಯ ಮಾಡುತ್ತಾರಾ, ಎಲ್ಲರಿಗೂ ಮಾಡುತ್ತಾರಾ? ಇದಕ್ಕೆ ಯಾರಾದರೂ ಸುತ್ತಿ ಬಳಸದೆ ಉತ್ತರ ಕೊಡಿ.

ಲಷ್ಕರ್ ಮೊಹಲ್ಲಾ ಹುಡುಗಿ (ಈಗ 58) ಉತ್ತರ:

ಸುತ್ತಿ ಬಳಸದೆ ಹೇಳುತ್ತೇನೆ ಸರ್. ನಾನು ಕ್ಯಾಥೊಲಿಕ್. ಸಂತ ಫಿಲೋಮಿನಾ ಚರ್ಚಿನ ಗಂಟೆ ಕೇಳುತ್ತಾ ಬೆಳೆದವಳು. ಒಂದು ಸೇವಾ ಸಂಸ್ಥೆಯಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದಿದ್ದೇನೆ.

ಮೊದಲು ಒಪ್ಪಿಕೊಳ್ಳುತ್ತೇನೆ, ಅಕ್ಕಿ ಜೊತೆ ಪುಸ್ತಕ ಹಂಚುವ ಗುಂಪುಗಳು ಇವೆ. ನನಗೂ ಅವರನ್ನು ಕಂಡರೆ ಆಗುವುದಿಲ್ಲ. ಆದರೆ ಅದು ತಪ್ಪು ಅಂತ ಬರೆದಿಟ್ಟವರಲ್ಲಿ ಕ್ರೈಸ್ತ ಸಂಸ್ಥೆಗಳೂ ಇವೆ, ಅದನ್ನೂ ಸೇರಿಸಿಕೊಳ್ಳಿ. 1994ರಲ್ಲಿ ರೆಡ್‌ಕ್ರಾಸ್‌ನವರು ಪರಿಹಾರ ಕೆಲಸಕ್ಕೆ ಹತ್ತು ನಿಯಮ ಮಾಡಿದರು. ಜಾತಿ ಧರ್ಮ ದೇಶ ನೋಡದೆ ಕೊಡಬೇಕು, ನೆರವನ್ನು ಯಾವುದೇ ರಾಜಕೀಯಕ್ಕೋ ಧರ್ಮಕ್ಕೋ ಬಳಸಬಾರದು ಅಂತ. ಅದರ ಹಿಂದೆ ನಿಂತವರಲ್ಲಿ ಕ್ಯಾಥೊಲಿಕರ ಸೇವಾ ಸಂಸ್ಥೆ ಕಾರಿತಾಸ್, ಲುಥರನ್ ಪಂಗಡದವರ ಒಕ್ಕೂಟ, ಪ್ರಪಂಚದ ಚರ್ಚುಗಳ ಮಂಡಳಿ ಎಲ್ಲ ಇದ್ದರು. ನಾನಿದ್ದ ಕಡೆ ಆ ನಿಯಮ ಗೋಡೆಗೆ ಅಂಟಿಸಿದ್ದರು, ನನ್ನ ಮೇಜಿನ ಎದುರಿಗೇ.

ಆದರೆ ಇನ್ನೊಂದು ಥರದ ಸಂಸ್ಥೆ ಇದೆ, ಇಲ್ಲಿ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಕಿರುಕುಳಕ್ಕೆ ಸಿಕ್ಕ ಕ್ರೈಸ್ತರಿಗೆ ಸಹಾಯ ಮಾಡೋಕೆ, ಒಡೆದ ಚರ್ಚು ಕಟ್ಟೋಕೆ ಅಂತಲೇ ಇರುವಂಥವು. ಏಡ್ ಟು ದ ಚರ್ಚ್ ಇನ್ ನೀಡ್ ಅಂತ ಒಂದು ಇದೆ, 1947ರಲ್ಲಿ ಯುದ್ಧ ಮುಗಿದ ಮೇಲೆ ಮನೆ ಕಳೆದುಕೊಂಡ ಜರ್ಮನರಿಗೆ ಊಟ ಬಟ್ಟೆ ಕೊಡುವುದರಿಂದ ಶುರುವಾದದ್ದು. ಅವರ ಮುಖ್ಯ ಕೆಲಸ ಚರ್ಚಿಗೆ ಅಂತ ಹೆಸರಿನಲ್ಲೇ ಇದೆ, ಮುಚ್ಚುಮರೆ ಇಲ್ಲ. ಒಂದು ಸಮಾಜ ತನ್ನವರಿಗೆ ಹಾಸ್ಟೆಲ್ ಕಟ್ಟಿಸಿದ ಹಾಗೆ. ಅದೂ ತಪ್ಪಲ್ಲ, ಆದರೆ ಕೊಡುವವರಿಗೆ ಗೊತ್ತಿರಬೇಕು. ಹಾಗಾಗಿ ಮಂಡ್ಯದ ಅಣ್ಣ, ನೀವು ಕೇಳಬೇಕಾದ್ದು ಒಂದೇ ಮಾತು. ಈ ದುಡ್ಡು ಕ್ಯಾಂಪಿಗಾ, ಚರ್ಚಿಗಾ? ಮುಖ ನೋಡಿ ಕೇಳಿ. ಒಳ್ಳೆಯ ಫಾದರ್ ಆದರೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಎಲ್ಲರಿಗೂ ಮಾಡುತ್ತಾರಾ ಅಂದಿರಿ. ಫಾದರ್ ಪ್ರೇಮ್ ಕುಮಾರ್ ಅಂತ ತಮಿಳುನಾಡಿನವರು, ಜೆಸ್ಯೂಟ್ ಸಭೆಯ ಪಾದ್ರಿ. ಮೊದಲು ಅಲ್ಲಿನ ಶ್ರೀಲಂಕಾ ತಮಿಳರ ಕ್ಯಾಂಪುಗಳಲ್ಲಿ ಕೆಲಸ ಮಾಡಿದವರು, ಆಮೇಲೆ ಜೆಸ್ಯೂಟ್ ರೆಫ್ಯೂಜಿ ಸರ್ವಿಸ್ ಕಡೆಯಿಂದ ಅಫ್ಘಾನಿಸ್ತಾನಕ್ಕೆ ಹೋದರು. ಹೊರದೇಶದ ಕ್ಯಾಂಪುಗಳಿಂದ ವಾಪಸ್ ಬಂದ ಅಫ್ಘನ್ ಮಕ್ಕಳ ಶಾಲೆಗೆ ಹೋಗಿದ್ದಾಗ 2014ರ ಜೂನ್‌ನಲ್ಲಿ ಹೆರಾತ್ ಹತ್ತಿರ ಅಪಹರಿಸಿದರು. ಎಂಟು ತಿಂಗಳ ಮೇಲೆ ಬಿಟ್ಟರು. ಆ ಮಕ್ಕಳೆಲ್ಲ ಮುಸಲ್ಮಾನರು. ಯೆಮೆನ್ ಕಥೆ ನಿಮಗೆ ನೆನಪಿರಬಹುದು. ಏಡನ್ ಊರಲ್ಲಿ ಮದರ್ ತೆರೇಸಾ ಅವರ ಸಿಸ್ಟರ್‌ಗಳು ನಡೆಸುತ್ತಿದ್ದ ವೃದ್ಧಾಶ್ರಮ. 2016ರ ಮಾರ್ಚ್ 4ರಂದು ಬಂದೂಕಿನವರು ನುಗ್ಗಿ 16 ಜನರನ್ನು ಕೊಂದರು, ಅದರಲ್ಲಿ ನಾಲ್ವರು ಸಿಸ್ಟರ್‌ಗಳು. ಅಲ್ಲಿದ್ದ ಫಾದರ್ ಟಾಮ್ ಉಳುನ್ನಾಲಿಲ್ ಅವರನ್ನು ಎತ್ತಿಕೊಂಡು ಹೋದರು, ಬಿಟ್ಟದ್ದು 2017ರ ಸೆಪ್ಟೆಂಬರ್‌ನಲ್ಲಿ. ಕೇರಳದವರು, ಆದರೆ ಸಲೇಸಿಯನ್ ಸಭೆಯ ಬೆಂಗಳೂರು ಪ್ರಾಂತ್ಯಕ್ಕೆ ಸೇರಿದವರು. ಆ ಹದಿನೆಂಟು ತಿಂಗಳು ನಮ್ಮ ಮನೆಯಲ್ಲಿ ಸಂಜೆ ಜಪಸರ ಹಿಡಿದಾಗೆಲ್ಲ ಅವರ ಹೆಸರು ಬರುತ್ತಿತ್ತು. ಯೆಮೆನ್‌ನಂಥ ದೇಶದಲ್ಲಿ ಯುದ್ಧದ ಮಧ್ಯೆ ಮುದುಕರ ಮೈ ಒರೆಸುತ್ತಾ ಯಾರನ್ನು ಮತಾಂತರ ಮಾಡುತ್ತಾರೆ ಹೇಳಿ.

ನಮ್ಮೂರಿನದೇ ಬೇಕು ಅಂದರೆ ಮಿಷನ್ ಆಸ್ಪತ್ರೆ ನೋಡಿ, 1906ರಿಂದ ಇದೆ. ಅರ್ಧ ಮೈಸೂರು ಅಲ್ಲೇ ಹುಟ್ಟಿದೆ, ಹುಟ್ಟಿದ ಹೆಸರಿನಲ್ಲೇ ಇದೆ.

ಕಷ್ಟದ ಜಾಗದಲ್ಲಿ ಚರ್ಚಿನವರೇ ಯಾಕೆ ಮೊದಲು ಕಾಣಿಸುತ್ತಾರೆ ಅನ್ನುವುದಕ್ಕೂ ದೊಡ್ಡ ರಹಸ್ಯ ಏನಿಲ್ಲ. ಅವರು ಅಲ್ಲಿಗೆ ಹೊಸದಾಗಿ ಹೋಗಿರುವುದಿಲ್ಲ, ಮೊದಲೇ ಇರುತ್ತಾರೆ. ಒಂದು ದೊಡ್ಡ ಹಾಲು, ಬೆಂಚು, ಅಡುಗೆ ಪಾತ್ರೆ, ಬಾವಿ, ಯಾವ ಮನೆಯಲ್ಲಿ ಎಷ್ಟು ಜನ ಅಂತ ಪಟ್ಟಿ. 2014ರ ಆಗಸ್ಟ್‌ನಲ್ಲಿ ಐಸಿಸ್ ಉಗ್ರರಿಗೆ ಹೆದರಿ ಇರಾಕಿನ ನಿನೆವೆ ಬಯಲಿನ ಊರುಗಳು ಒಂದೇ ರಾತ್ರಿಯಲ್ಲಿ ಖಾಲಿಯಾದವು. ಜನ ಎರ್ಬಿಲ್ ಪಕ್ಕದ ಅಂಕಾವಾದಲ್ಲಿ ಚರ್ಚಿನ ಅಂಗಳದಲ್ಲಿ, ಶಾಲೆಯ ಕೋಣೆಯಲ್ಲಿ ಮಲಗಿದರು. ಡೇರೆ ಬಂದದ್ದು ಆಮೇಲೆ.

ಮಿಜೋರಾಂ ಕಥೆ ಇನ್ನೂ ಚೆನ್ನಾಗಿದೆ. ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆ ಅಂತ ಪ್ರತ್ಯೇಕ ಕಾನೂನೂ ಇಲ್ಲ. 2021ರಲ್ಲಿ ಕೇಂದ್ರದಿಂದ ಗಡಿ ರಾಜ್ಯಗಳಿಗೆ ಪತ್ರ ಬಂತು, ಒಳಗೆ ಬಿಡಬೇಡಿ ಅಂತ. ಮಿಜೋರಾಂನವರು ಬಿಟ್ಟುಕೊಂಡರು. ಬಂದವರು ಚಿನ್ ಜನ, ಮಿಜೋಗಳಿಗೆ ರಕ್ತಸಂಬಂಧ, ಭಾಷೆಯೂ ಹತ್ತಿರ, ನಡುವೆ ಇರುವುದು ತಿಯಾವ್ ಅನ್ನುವ ಒಂದು ಹೊಳೆ. ನೆಂಟರು ಹೊಳೆ ದಾಟಿ ಬಂದರೆ ಬಾಗಿಲು ಹಾಕಿಕೊಳ್ಳೋಕೆ ಆಗುತ್ತಾ? ಮೂವತ್ತು ಸಾವಿರಕ್ಕೂ ಹೆಚ್ಚು ಜನ. ಯಂಗ್ ಮಿಜೋ ಅಸೋಸಿಯೇಷನ್ ಹುಡುಗರು, ಊರೂರಿನ ಚರ್ಚುಗಳು ಅಕ್ಕಿ ಹೊತ್ತರು, ಬಿದಿರು ಕಡಿದು ಮನೆ ಕಟ್ಟಿಕೊಟ್ಟರು. ಅಲ್ಲಿ ಬುಹ್‌ಫಾಯ್ ಥಾಮ್ ಅಂತ ನೂರು ವರ್ಷ ದಾಟಿದ ಪದ್ಧತಿ ಇದೆ. ಪ್ರತಿ ಹೊತ್ತು ಅನ್ನಕ್ಕೆ ಇಡುವಾಗ ಮನೆಯಾಕೆ ಒಂದು ಹಿಡಿ ಅಕ್ಕಿ ಬೇರೆ ಡಬ್ಬಿಗೆ ಹಾಕುತ್ತಾಳೆ, ವಾರಕ್ಕೊಮ್ಮೆ ಚರ್ಚಿನವರು ತಗೊಂಡು ಹೋಗುತ್ತಾರೆ. ನಮ್ಮ ಕಡೆ ಮಠಕ್ಕೆ ಮುಷ್ಟಿ ಅಕ್ಕಿ ತೆಗೆದಿಡುತ್ತಿದ್ದರಲ್ಲ, ಅದೇ. ಬಡವರೇ ಕೊಡುವುದು ಸರ್, ಅದಕ್ಕೇ ಲೆಕ್ಕ ಕೇಳುವ ಹಕ್ಕೂ ಎಲ್ಲರಿಗೂ ಇದೆ.

ಕೆಆರ್‌ಎಸ್ ರೋಡ್ ಉತ್ತರ:

ಮೇಡಂ, ಉತ್ತರ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಎಲ್ಲ ಒಪ್ಪಿದೆ ಅಂತ ಹೇಳಲ್ಲ. ಕ್ಯಾಂಪಿಗಾ ಚರ್ಚಿಗಾ ಅನ್ನೋ ಪ್ರಶ್ನೆ ಮಾತ್ರ ಸರಿಯಾಗಿದೆ, ಅದನ್ನು ದೇವಸ್ಥಾನದ ಟ್ರಸ್ಟಿಗಳಿಗೂ ಕೇಳಬೇಕು ಅಂತ ನನ್ನ ಹೆಂಡತಿ ಹಿಂದಿನಿಂದ ಹೇಳುತ್ತಿದ್ದಾಳೆ.

ಹೊಗೆಸೊಪ್ಪಿನ ಗೌಡ ಉತ್ತರ:

ಪಿರಿಯಾಪಟ್ಟಣದಿಂದ. ನೀವೆಲ್ಲ ಇರಾಕು ಯೆಮೆನ್ ಅಂತ ಹೋಗಿಬಿಟ್ಟಿರಿ, ನಿರಾಶ್ರಿತರು ನಮ್ಮ ಮನೆ ಹಿತ್ತಲಲ್ಲೇ ಇದ್ದಾರಲ್ಲ.

ಬೈಲುಕುಪ್ಪೆಗೆ ಟಿಬೆಟಿನವರು 1960ರ ಸುಮಾರಿಗೆ ಬಂದರು. ಮೈಸೂರು ರಾಜ್ಯ ಸರ್ಕಾರ ಸುಮಾರು ಮೂರು ಸಾವಿರ ಎಕರೆ ಕಾಡು ಕೊಟ್ಟಿತು. ನಮ್ಮ ತಾತ ಅಲ್ಲಿ ಮರ ಕಡಿಯುವ ಕೂಲಿಗೆ ಹೋಗಿದ್ದರು. ಹಿಮದಲ್ಲಿ ಬೆಳೆದವರು, ಮೈತುಂಬ ಉಣ್ಣೆ ಬಟ್ಟೆ, ನಮ್ಮ ಬಿಸಿಲು. ಪಾಪ, ಬಹಳ ಜನ ಮೊದಲ ವರ್ಷಗಳಲ್ಲೇ ಕಾಯಿಲೆ ಬಿದ್ದು ಹೋದರು ಅಂತ ತಾತ ಹೇಳುತ್ತಿದ್ದರು. ರಾತ್ರಿ ಆನೆ ಬಂದರೆ ತಗಡು ಬಡಿಯುತ್ತಾ ಕೂರುವುದು. ಆಗ ಅವರಿಗೂ ಯಾರೋ ಎಲ್ಲಿಂದಲೋ ಹಾಲಿನ ಪುಡಿ, ಗೋಧಿ, ಬಟ್ಟೆ ಕಳಿಸಿದರು, ಅದರಲ್ಲಿ ಹೊರದೇಶದ ಕ್ರೈಸ್ತ ಸಂಸ್ಥೆಗಳೂ ಇದ್ದವು. ಅದರಿಂದ ಅವರು ಬದುಕಿದರಾ? ಬದುಕಿದರು. ಆದರೆ ನೆಲೆ ನಿಂತದ್ದು ಹಾಲಿನ ಪುಡಿಯಿಂದ ಅಲ್ಲ. ಜಮೀನು, ಟ್ರ್ಯಾಕ್ಟರ್, ಮುಸುಕಿನ ಜೋಳ, ಸಹಕಾರ ಸಂಘ, ಶಾಲೆ, ಇದರಿಂದ. 1968ರಲ್ಲಿ ಮೈರಾಡ ಅನ್ನುವ ಸೇವಾ ಸಂಸ್ಥೆ ಶುರುವಾದದ್ದೇ ಅವರಿಗೆ ನೆಲೆ ಮಾಡಿಕೊಡೋಕೆ, ಹೆಸರಿನಲ್ಲೇ ಮೈಸೂರು ರೀಸೆಟಲ್‌ಮೆಂಟ್ ಅಂತ ಇದೆ. ಅದೇ ಮೈರಾಡ ಆಮೇಲೆ 1980ರ ದಶಕದಲ್ಲಿ ನಮ್ಮ ಹಳ್ಳಿ ಹೆಂಗಸರ ಸಂಘ ಕಟ್ಟಿತು. ನಮ್ಮ ಅವ್ವ ವಾರಕ್ಕೆ ಐದು ರೂಪಾಯಿ ಕಟ್ಟಿ ಹಸು ತಗೊಂಡದ್ದು ಅಂಥದ್ದೇ ಒಂದು ಸಂಘದಿಂದ. ನಿರಾಶ್ರಿತರಿಗೆ ಅಂತ ಬಂದ ಕೆಲಸ ಸುತ್ತಿ ಬಂದು ನಮ್ಮ ಕೊಟ್ಟಿಗೆಗೂ ಬಂತು.

ಮತಾಂತರದ ಮಾತಿಗೆ, ಒಂದು ಭಾನುವಾರ ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್‌ಗೆ ಬನ್ನಿ. ಹಾಲಿನ ಪುಡಿ ಕುಡಿದವರು ಏನಾದರು ಅಂತ ಕಣ್ಣಲ್ಲೇ ನೋಡಬಹುದು. ಬುದ್ಧ ಮೊದಲಿಗಿಂತ ದೊಡ್ಡದಾಗಿ ಕೂತಿದ್ದಾನೆ.

ಮತ್ತೆ ನಿಮ್ಮ ಕಂಬಳಿ ಯಾಕೆ ಹೋಗಲಿಲ್ಲ ಗೊತ್ತಾ? ಚಳಿಗಾಲ ಬಂದರೆ ಫುಟ್‌ಪಾತ್‌ನಲ್ಲಿ ಸ್ವೆಟರ್ ಅಂಗಡಿ ಹಾಕುವವರು ಇದೇ ನಮ್ಮ ಟಿಬೆಟಿನವರು. ಅವರ ಮಾಲು ಚೆನ್ನಾಗಿರುತ್ತೆ. ಬೇಜಾರು ಮಾಡಿಕೋಬೇಡಿ.

ನನ್ನ ಮಾತು ಇಷ್ಟೇ. ದುಡ್ಡು ಕೊಡುವುದಾದರೆ ಸಿಸ್ಟರ್ ಶಾಲೆಗೇ ಕೊಡಿ. ಹೊದಿಕೆ ಒಂದು ಚಳಿಗಾಲಕ್ಕೆ, ಏಳನೇ ಕ್ಲಾಸು ಪಾಸಾದ ಹುಡುಗ ಎಲ್ಲಿ ಹೋದರೂ ಬದುಕಿಕೊಳ್ಳುತ್ತಾನೆ.

ಸರಸ್ವತಿಪುರಂ ಪಿಜಿ ಆಂಟಿ ಉತ್ತರ:

ನಾನು ಹುಡುಗಿಯರ ಪಿಜಿ ನಡೆಸುತ್ತೇನೆ. 2023ರ ಮೇ ತಿಂಗಳಲ್ಲಿ ನನ್ನ ಹತ್ತಿರ ಮಣಿಪುರದ ಇಬ್ಬರು ಇದ್ದರು. ಒಬ್ಬಳು ಬೆಟ್ಟದ ಕಡೆಯ ಕುಕಿ ಸಮುದಾಯ, ಒಬ್ಬಳು ಕಣಿವೆ ಕಡೆಯ ಮೈತೇಯಿ. ಒಂದೇ ರೂಮು. ಮೇ 3ಕ್ಕೆ ಅಲ್ಲಿ ಆ ಎರಡು ಸಮುದಾಯಗಳ ನಡುವೆ ಗಲಾಟೆ ಶುರುವಾಯಿತು, ಇಂಟರ್‌ನೆಟ್ ಕಟ್ ಆಯಿತು. ಇಬ್ಬರೂ ಊಟ ಬಿಟ್ಟರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಂದು ವಾರ ಆದ ಮೇಲೆ ಕುಕಿ ಹುಡುಗಿಯ ಮನೆ ಸುಟ್ಟಿದ್ದು ಗೊತ್ತಾಯಿತು. ಅದೇ ವಾರ ಇನ್ನೊಬ್ಬಳ ಚಿಕ್ಕಮ್ಮನ ಮನೆಯೂ ಹೋಗಿತ್ತು, ಅವರು ಬೆಟ್ಟದ ಕಡೆ ಅಂಗಡಿ ಇಟ್ಟಿದ್ದರಂತೆ. ನಾನು ಏನು ಮಾಡಲಿ? ಮುದ್ದೆ ಅವರಿಗೆ ಆಗಲ್ಲ, ಅನ್ನ ಮಾಡಿ ಇಬ್ಬರನ್ನೂ ಅಡುಗೆಮನೆಯಲ್ಲಿ ಎದುರು ಬದುರು ಕೂರಿಸಿದೆ. ಇಬ್ಬರೂ ಅತ್ತರು, ನಾನೂ ಅತ್ತೆ.

ಇದನ್ನು ಯಾಕೆ ಹೇಳಿದೆ ಅಂದರೆ, ಅಲ್ಲಿ ಸುಮಾರು 60 ಸಾವಿರ ಜನ ಮನೆ ಬಿಟ್ಟರು, ಎರಡೂ ಕಡೆಯವರು. ಕಣಿವೆಯಲ್ಲೂ ಕ್ಯಾಂಪು, ಬೆಟ್ಟದಲ್ಲೂ ಕ್ಯಾಂಪು. ಸಾವಿರಾರು ಜನ ಮಿಜೋರಾಂಗೂ ಹೋದರು. ಕುಕಿಗಳು ಹೆಚ್ಚಿನವರು ಕ್ರಿಶ್ಚಿಯನ್, ಅದಕ್ಕೆ ಇಲ್ಲಿನ ಚರ್ಚುಗಳಲ್ಲಿ ದುಡ್ಡು ಎತ್ತಿದ್ದು ಬೆಟ್ಟದ ಕಡೆಗೇ ಜಾಸ್ತಿ ಅಂತ ಮೈತೇಯಿ ಹುಡುಗಿ ಬೇಜಾರು ಪಟ್ಟಳು. ಅವಳ ಬೇಜಾರು ಸುಳ್ಳಲ್ಲ. ನಮ್ಮ ಬೀದಿಯ ಚರ್ಚಿನ ಪಾಸ್ಟರಮ್ಮನಿಗೆ ಇದನ್ನು ಹೇಳಿದೆ. ಅವರು ಮುಂದಿನ ಸಲ ಇಬ್ಬರ ಕಾಲೇಜು ಫೀಸಿಗೂ ಒಂದೊಂದು ಕಂತು ಕೊಟ್ಟರು. ರಸೀದಿ ಇಲ್ಲ, 80ಜಿ ಇಲ್ಲ, ಲೆಕ್ಕದವರು ಬೈಯಬೇಡಿ.

ಲಷ್ಕರ್ ಅಕ್ಕ, ನಿಮ್ಮ ಪ್ರಶ್ನೆಗೆ ನಂದೊಂದು ಸೇರಿಸಿಕೊಳ್ಳಿ. ಎದುರು ಕಡೆಯವರಿಗೂ ಕೊಡುತ್ತಾರಾ?

ಲಷ್ಕರ್ ಮೊಹಲ್ಲಾ ಹುಡುಗಿ (ಈಗ 58) ಉತ್ತರ:

ಸೇರಿಸಿಕೊಂಡೆ. ನನಗೆ ಹೊಳೆದಿರಲಿಲ್ಲ.

ಮಂಡ್ಯ ಜವಳಿ ಉತ್ತರ:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟೊಂದು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಮೂರು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಸಿಸ್ಟರ್‌ಗೆ ಫೋನ್ ಮಾಡಿದೆ. ಸಿಗ್ನಲ್ ಸಿಗೋಕೆ ಎರಡು ದಿನ ಬೇಕಾಯಿತು. ಕಂಬಳಿ ಬೇಕಾ ಅಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇಡ ಅಂದರೆ ನಿಮಗೆ ಬೇಜಾರಾಗುತ್ತಾ ಅಂತ ಕೇಳಿದರು. ಅಲ್ಲಿನ ಮಾರ್ಕೆಟ್ಟಿನಲ್ಲಿ ಕಂಬಳಿ ಸಿಗುತ್ತದಂತೆ, ಗಡಿಯ ಆ ಕಡೆಯಿಂದ ಬಂದ ಮಾಲು, ನನ್ನ ಹೋಲ್‌ಸೇಲ್ ರೇಟಿಗಿಂತ ಕಡಿಮೆ. ಹೊಟ್ಟೆ ಉರಿಯಿತು, ನಿಜ ಹೇಳಬೇಕು ಅಂದರೆ. ಅವರಿಗೆ ಬೇಕಾಗಿರುವುದು ಮಕ್ಕಳ ಒಳಉಡುಪು, ಹೆಣ್ಣುಮಕ್ಕಳಿಗೆ ಪ್ಯಾಡು, ಮಳೆಗೆ ಶಾಲೆಯ ಮೇಲೆ ಹೊದಿಸೋಕೆ ತಗಡು, ಮತ್ತೆ ಇಬ್ಬರು ಟೀಚರ್‌ಗಳ ಸಂಬಳ. ಆ ಟೀಚರ್‌ಗಳೂ ಗಡಿ ದಾಟಿ ಬಂದವರೇ, ಅಲ್ಲಿ ಸರ್ಕಾರಿ ಶಾಲೆಯಲ್ಲಿ ಇದ್ದವರು. ಲಾರಿ ಬಾಡಿಗೆ ವಿಚಾರಿಸಿದೆ, ಅದನ್ನು ಇಲ್ಲಿ ಬರೆಯೋದೇ ಬೇಡ.

ಫಾದರ್ ಹತ್ತಿರವೂ ಹೋದೆ, ಟೈಲರ್ ಜೊತೆಗೆ. ಹೋಗುವ ಮೊದಲು ಟೈಲರ್ ನನ್ನ ಕಾಲರ್ ಸರಿ ಮಾಡಿದರು, ಮದುವೆಗೆ ಹೋಗುತ್ತಿರುವ ಹಾಗೆ. ಕ್ಯಾಂಪಿಗಾ ಚರ್ಚಿಗಾ ಅಂತ ಕೇಳುವಾಗ ನನಗೇ ಗಂಟಲು ಒಣಗಿತ್ತು. ಫಾದರ್ ನಕ್ಕರು. ಎರಡು ಪೆಟ್ಟಿಗೆ ಇದೆ, ಒಂದು ಚರ್ಚಿನ ಖರ್ಚಿಗೆ, ಒಂದು ಪರಿಹಾರಕ್ಕೆ, ಯಾವುದಕ್ಕೆ ಅಂತ ಚೆಕ್ಕಿನ ಹಿಂದೆ ಬರೆದುಬಿಡಿ ಅಂದರು. ಎದುರು ಕಡೆಯವರಿಗೂ ಕೊಡುತ್ತೀರಾ ಅಂತ ಪಿಜಿ ಆಂಟಿಯ ಪ್ರಶ್ನೆ ಕೇಳಿದೆ. ಅದಕ್ಕೆ ತಕ್ಷಣ ಉತ್ತರ ಬರಲಿಲ್ಲ. ಶಾಲೆಗೆ ಯಾರು ಬಂದರೂ ಸೇರಿಸಿಕೊಳ್ಳುತ್ತಾರೆ, ಆದರೆ ಮಣಿಪುರದ ಕಣಿವೆ ಕಡೆ ನಮ್ಮಿಂದ ಕಡಿಮೆಯೇ ಹೋಗಿದೆ, ನೀವು ಹೇಳಿದ್ದನ್ನು ಮೀಟಿಂಗಿನಲ್ಲಿ ಇಡುತ್ತೇನೆ ಅಂದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ನನಗೆ ಅಷ್ಟು ಸಾಕಾಯಿತು.

ಈಗ ಹೇಗೂ ಆಷಾಢ. ಅಂಗಡಿ ಮುಂದೆ ಮೇಜು ಹಾಕಿ ಕಂಬಳಿ ಶರ್ಟು ಎಲ್ಲ ಆಷಾಢ ಸೇಲ್‌ಗೆ ಇಟ್ಟೆ, ಈ ದುಡ್ಡು ಇಂಥ ಶಾಲೆಗೆ ಹೋಗುತ್ತೆ ಅಂತ ಬೋರ್ಡ್ ಬರೆಸಿದೆ. ಜಿಎಸ್‌ಟಿ ಬಿಲ್ ಹಾಕಿಯೇ ಮಾರಿದೆ, ಲೆಕ್ಕದ ಪುಸ್ತಕದವರು ನೋಡಿಕೊಳ್ಳಿ. ಎರಡು ವರ್ಷ ಹೋಗದ ಕಂಬಳಿ ಹನ್ನೊಂದು ದಿನದಲ್ಲಿ 52 ಹೋಯಿತು. ಜನ ಚೌಕಾಸಿ ಮಾಡಲಿಲ್ಲ, ಮಂಡ್ಯದಲ್ಲಿ ಇದು ಪವಾಡ. ಒಬ್ಬರು ಕಬ್ಬಿನ ದುಡ್ಡು ಇನ್ನೂ ಬಂದಿಲ್ಲ ಅಂತ ಹೇಳುತ್ತಲೇ ಎರಡು ತಗೊಂಡು ಹೋದರು. ಚೆಕ್ ಬರೆದು ಹಿಂದುಗಡೆ ಶಾಲೆ ತಗಡಿಗೆ ಅಂತ ಬರೆದು ಕೊಟ್ಟಿದ್ದೇನೆ.

ಭಾವಮೈದನೂ ಬಂದಿದ್ದ. ಬೋರ್ಡ್ ಓದಿ, ಏನೂ ಮಾತಾಡದೆ ಒಂದು ಕಂಬಳಿ ಎತ್ತಿಕೊಂಡ. ದುಡ್ಡು ಆಮೇಲೆ ಕೊಡುತ್ತೇನೆ ಅಂದ. ಇನ್ನೂ ಕೊಟ್ಟಿಲ್ಲ.

ಎಂಟು ಉಳಿದಿದೆ. ಯಾರಿಗಾದರೂ ಬೇಕಾ?